ಮೊದಲ ಬೈಕು ಕೊಳ್ಳಲು ಹೊರಟ ಅಳಿಯನಿಗೆ

ಚಿ. ಅಳಿಯನಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

45 ದಾಟಿದ ಮೇಲೆ ಬೈಕು ಕಲಿಯುವ ಮನಸ್ಸಾಗಿದೆ ಅಂದೆ, ಸಂತೋಷ. ಆದರೆ ನೀನು ಕಳಿಸಿದ ಪಟ್ಟಿಯಲ್ಲಿರೋ ಗಾಡಿಗಳೆಲ್ಲ 200 ಕಿಲೋ ಮೇಲಿನವು. ಆ ಪಟ್ಟಿ ಎತ್ತಿಡು, ಎರಡನೇ ಗಾಡಿ ಕೊಳ್ಳುವಾಗ ತೆಗೆಯುವೆಯಂತೆ. ಇಪ್ಪತ್ತರ ಹುಡುಗರನ್ನು ಜೇಬೇ ತಡೆಯುತ್ತದೆ. ನಿನ್ನ ವಯಸ್ಸಿಗೆ ಆ ತಡೆ ಇರುವುದಿಲ್ಲ, ಹಾಗಾಗಿ ಕಲಿಯುವ ಕೈಗೆ ನೇರವಾಗಿ ಭಾರದ ಗಾಡಿ ಬಂದು ಕೂರುತ್ತದೆ.

ಸಿಸಿ, ಅಂದರೆ ಎಂಜಿನ್ನಿನ ಗಾತ್ರ, ಆಮೇಲೆ ನೋಡು, ಮೊದಲು ತೂಕ ನೋಡು. ಹೊಸಬರ ಗಾಡಿ ಉರುಳುವುದು ಬಹುಪಾಲು ನಿಲ್ಲಿಸುವಾಗ, ಯೂ ಟರ್ನ್ ತಿರುಗಿಸುವಾಗ, ಇಳಿಜಾರಲ್ಲಿ ಹಿಂದಕ್ಕೆ ತಳ್ಳುವಾಗ. ಓಡುತ್ತಿರುವ ಗಾಡಿ ತನ್ನಷ್ಟಕ್ಕೆ ನೆಟ್ಟಗಿರುತ್ತದೆ. ನಡಿಗೆಯ ವೇಗಕ್ಕಿಳಿದರೆ ಭಾರವೆಲ್ಲ ನಿನ್ನ ಕಾಲಿಗೆ ಬರುತ್ತದೆ, ಒಂದು ಹಂತ ದಾಟಿ ವಾಲಿದರೆ ಯಾವ ಕಾಲೂ ತಡೆಯುವುದಿಲ್ಲ. ಅಂಗಡಿಯವರು ಹೇಳುವ ತೂಕ ಯಾವುದು ಅಂತ ಕೇಳು: ಪೆಟ್ರೋಲು, ಆಯಿಲ್ ಎಲ್ಲ ತುಂಬಿದ ಕರ್ಬ್ ತೂಕವೇ ನಮಗೆ ಬೇಕಾದ್ದು. 15 ಲೀಟರ್ ಪೆಟ್ರೋಲೇ 11 ಕಿಲೋ, ಅದೂ ಟ್ಯಾಂಕಿನಲ್ಲಿ, ಗಾಡಿಯ ಎತ್ತರದ ಭಾಗದಲ್ಲಿ. 130ರಿಂದ 160 ಕಿಲೋ ಒಳಗಿನ, 150ರಿಂದ 250 ಸಿಸಿಯ, ಒಂದೇ ಸಿಲಿಂಡರಿನ, 15–25 ಬಿಎಚ್‌ಪಿ ಶಕ್ತಿಯ ಗಾಡಿ ಕಲಿಯಲು ಸಾಕೋ ಸಾಕು. ಇದು ಬೇಗ ಬೇಜಾರಾಗುತ್ತೆ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಸೀಟಿನ ಎತ್ತರವನ್ನು ಕಾಗದದಲ್ಲಿ ಓದಿ ನಿರ್ಧರಿಸಬೇಡ. 790 ಮಿ.ಮೀ. ಅಂತಲೇ ಬರೆದಿದ್ದರೂ ಸೀಟು ಅಗಲವಾಗಿದ್ದರೆ ಕಾಲು ನೆಲಕ್ಕೆ ಎಟುಕದೇ ಇರಬಹುದು. ಓಡಿಸುವಾಗ ಹಾಕುವ ಶೂ ತೊಟ್ಟೇ ಅಂಗಡಿಗೆ ಹೋಗು. ಗಾಡಿ ನೆಟ್ಟಗೆ ನಿಂತಾಗ ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಬೇಕು, ಕೂತಲ್ಲೇ ಕಾಲಿನಿಂದ ಹಿಂದಕ್ಕೆ ತಳ್ಳಲು ಆಗಬೇಕು. ಎಂಜಿನ್ ಆಫ್ ಇರುವಾಗ ಪಕ್ಕದಲ್ಲಿ ನಿಂತು ಎಂಟರ ಆಕಾರದಲ್ಲಿ ತಳ್ಳಿ ನೋಡು. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಾಕಿ ನೋಡು. ಇಷ್ಟಕ್ಕೇ ಏದುಸಿರು ಬಂದರೆ ಆ ಗಾಡಿ ಬೇಡ.

ಇನ್ನು ಮೈಯ ವಿಷಯ. ಸೀಟು ತಗ್ಗು ಅಂತ ಕ್ರೂಸರ್ ಕಡೆ ಮನಸ್ಸು ಎಳೆಯುತ್ತದೆ. ಅದರಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಏಳಲು ಆಗದೆ ಏಟೆಲ್ಲ ನೇರ ಬೆನ್ನುಮೂಳೆಗೆ. ಸ್ಪೋರ್ಟ್ಸ್ ಬೈಕಲ್ಲಿ ಮುಂದಕ್ಕೆ ಬಾಗಬೇಕು. ಮಣಿಕಟ್ಟು, ಕತ್ತು ನೋಯುತ್ತವೆ, ಮಂಡಿ ವಿಪರೀತ ಮಡಚುತ್ತದೆ. ನೆಟ್ಟಗೆ ಕೂತು, ಪಾದ ಮಂಡಿಗಿಂತ ಸ್ವಲ್ಪವೇ ಹಿಂದೆ ಬರುವಂಥದ್ದು ನಿನಗೆ ಸರಿ. ಕ್ಲಚ್ಚನ್ನು ನಿಂತಲ್ಲೇ ಇಪ್ಪತ್ತು ಸಲ ಒತ್ತಿ ಬಿಡು, ಬೆರಳು ಸೋತರೆ ಟ್ರಾಫಿಕ್ಕಿನಲ್ಲಿ ಕಷ್ಟವಿದೆ. ಪ್ರೋಗ್ರೆಸಿವ್ ಕನ್ನಡಕ ಹಾಕುವುದಾದರೆ ಕಣ್ಣಿನ ಡಾಕ್ಟರ ಹತ್ತಿರ ಮಾತಾಡು. ಅದರ ಕೆಳಭಾಗ ಓದುವುದಕ್ಕೆ ಇರುವುದು, ಕಣ್ಣು ಕೆಳಗಿಳಿದರೆ ರಸ್ತೆ ಮಸುಕು.

ಗಟ್ಟಿ ಬ್ರೇಕು ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರಲೇಬೇಕು, ಎರಡೂ ಚಕ್ರಕ್ಕಿದ್ದರೆ ಇನ್ನೂ ಒಳ್ಳೆಯದು. ಇಷ್ಟು ವರ್ಷ ಕಾರು ಓಡಿಸಿದ ಕಾಲು ಗಾಬರಿಯಲ್ಲಿ ಬ್ರೇಕನ್ನು ಜೋರಾಗಿ ತುಳಿಯುತ್ತದೆ. ಬೈಕಲ್ಲಿ ಬಲಗಾಲಿಗೆ ಸಿಗುವುದು ಹಿಂದಿನ ಬ್ರೇಕು, ಗಾಡಿ ನಿಲ್ಲಿಸುವ ಬಲ ಹೆಚ್ಚಿರುವುದು ಮುಂದಿನದರಲ್ಲಿ. ಬ್ರೇಕು ಬಿದ್ದಾಗ ಭಾರ ಮುಂದಕ್ಕೆ ಸರಿಯುವುದರಿಂದ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಮುಂದಿನದನ್ನು ಹಿಡಿಯುವ ರೀತಿ: ಮೊದಲು ಮೆತ್ತಗೆ, ಮುಂಭಾಗ ಕುಸಿದ ಮೇಲೆ ಗಟ್ಟಿಯಾಗಿ. ಹ್ಯಾಂಡಲ್ ತಿರುಗಿರುವಾಗ, ನಿಧಾನದಲ್ಲಿ, ಅದನ್ನು ಮುಟ್ಟಲೇಬೇಡ. ಅಲ್ಲಿ ಎಬಿಎಸ್ಸೂ ನಿನ್ನನ್ನು ಕಾಯುವುದಿಲ್ಲ. ಹಿಂದಿನ ಬ್ರೇಕಿನಲ್ಲೇ ನಿಲ್ಲಿಸು.

ಹೇಗೂ ಒಂದೆರಡು ಸಲ ಬೀಳಿಸುತ್ತೀಯ, ಹಳೇ ಗಾಡಿ ಕೊಂಡರೆ ಹೊಟ್ಟೆ ಉರಿಯುವುದಿಲ್ಲ. ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡು. ಹೋದ ಕೂಡಲೇ ಎಂಜಿನ್ ಮುಟ್ಟು. ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗದ ರೋಗ ಮುಚ್ಚಿಟ್ಟಿರಬಹುದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅಲ್ಲಿಗೇ ಕೈಮುಗಿದು ಬಾ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಗೆ ಎಣ್ಣೆ ಜಿಗುಟಿದ್ದರೆ ಸೀಲ್ ಹೋಗಿದೆ. ಅದನ್ನು ಬದಲಾಯಿಸಬಹುದು, ಬೆಲೆ ಇಳಿಸು. ಚೈನು ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನೂ ಸೇರಿ ಪೂರ್ತಿ ಸೆಟ್ ಹೊಸದು ಬೇಕು. ಮುಂದಿನ ಚಕ್ರ ಮೇಲೆತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸು, ನಟ್ಟನಡುವೆ ಕಚ್ಚಿದ ಹಾಗಾದರೆ ಸ್ಟೀರಿಂಗ್ ಬೇರಿಂಗ್ ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸ ಟೈರಿನ ಖರ್ಚು ಲೆಕ್ಕಕ್ಕೆ ಸೇರಿಸು. ಲಿವರ್ ತುದಿಯ ಗೀರು ದೊಡ್ಡದಲ್ಲ. ನೇರ ಓಡಿಸುವಾಗ ಹ್ಯಾಂಡಲ್ ಒಂದು ಕಡೆ ತಿರುಗಿಯೇ ಇದ್ದರೆ ಜೋರು ಪೆಟ್ಟು ತಿಂದಿರಬಹುದಾದ ಗಾಡಿ ಅದು. ಚಾಸಿ ನಂಬರು ಕಾಗದಕ್ಕೆ ತಾಳೆ ಆಗದಿದ್ದರೆ ಮಾತೇ ಬೇಡ.

ಗಾಡಿಗೆ ಇಟ್ಟ ದುಡ್ಡಿನಲ್ಲೇ ಹೆಲ್ಮೆಟ್, ಗ್ಲೌಸ್, ಜಾಕೆಟ್, ಕಣಕಾಲು ಮುಚ್ಚುವ ಬೂಟು ಬರಬೇಕು. ಹೆಲ್ಮೆಟ್ ಗಲ್ಲ ಮುಚ್ಚುವಂಥದ್ದೇ ಇರಲಿ. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ದಬ್ಬು. ಕಳಚಿ ಬಂದರೆ ಅದು ನಿನ್ನ ಅಳತೆಯಲ್ಲ. ಕನ್ನಡಕ ಒಳಗೆ ಸಲೀಸಾಗಿ ಹೋಗುತ್ತದಾ ಅಂತ ಅಂಗಡಿಯಲ್ಲೇ ನೋಡು.

ಬಿದ್ದ ಗಾಡಿಯನ್ನು ಸೊಂಟ ಬಗ್ಗಿಸಿ ಎತ್ತಬೇಡ. ಎಂಜಿನ್ ಆಫ್ ಮಾಡು. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡು, ಎತ್ತಿದ ಮೇಲೆ ಎಡಕ್ಕೆ ಉರುಳದಂತೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ಸರಿ.

ಮೊದಲ ತಿಂಗಳು ಖಾಲಿ ಮೈದಾನ. ಕ್ಲಚ್ ಹಿಡಿಯುವ ಜಾಗ ಬೆರಳಿಗೆ ಗೊತ್ತಾಗುವವರೆಗೆ ಎಕ್ಸಲರೇಟರ್ ತಿರುಗಿಸದೆ ಹೊರಡುವುದು, ಆಮೇಲೆ ಎಂಟರ ಆಕಾರದಲ್ಲಿ ಸುತ್ತುವುದು, ಆಮೇಲೆ 30ರ, 40ರ ವೇಗದಿಂದ ಗಟ್ಟಿ ಬ್ರೇಕು. ಮನೆಯಾಕೆಯನ್ನು ಹಿಂದೆ ಕೂರಿಸುವ ಆತುರ ಬೇಡ. ಹಿಂದೆ ಭಾರ ಬಿದ್ದರೆ ಹ್ಯಾಂಡಲ್ ಹಗುರಾಗುತ್ತದೆ, ನಿಲ್ಲಿಸುವಾಗ ವಾಲುವ ಭಾರ ಹೆಚ್ಚುತ್ತದೆ. ಕೂರಿಸುವ ದಿನ ಬಂದಾಗ, ಟೈರು ತಣ್ಣಗಿರುವಾಗಲೇ, ಕೈಪಿಡಿಯಲ್ಲಿ ಇಬ್ಬರಿಗೆ ಅಂತ ಬರೆದಷ್ಟು ಗಾಳಿ ಹಿಂದಿನ ಚಕ್ರಕ್ಕೆ ಹಾಕಿಸು.

ಇತಿ,
ನಿನ್ನ ಮಾವ