ಉಣುಗೂ ವಾಹಕ, ಹುಡುಗಿಯೂ ವಾಹಕಿಯೇ?

ಮಾನ್ಯ ಸಂಪಾದಕರೆ,

ಮಂಗನ ಕಾಯಿಲೆಯ ಮಾತು ಬಂದಾಗ ಉಣುಗನ್ನು 'ರೋಗವಾಹಕ' ಎನ್ನುತ್ತೇವೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶದ ಕಾಯಿಲೆ ಸಿಕಲ್ ಸೆಲ್. ಅದರ ತಪಾಸಣೆಯಲ್ಲಿ ದೋಷದ ಜೀನಿನ ಒಂದೇ ಪ್ರತಿ (ಅಪ್ಪ ಅಮ್ಮರಲ್ಲಿ ಒಬ್ಬರಿಂದಷ್ಟೇ ಬಂದದ್ದು) ಸಿಕ್ಕ, ಗಟ್ಟಿಮುಟ್ಟಾದ ಹುಡುಗಿಯನ್ನೂ 'ವಾಹಕಿ' ಎಂದೇ ಕರೆಯುತ್ತೇವೆ. ಒಂದು ಕಚ್ಚಿ ರೋಗ ದಾಟಿಸುವ ಹುಳ, ಇನ್ನೊಬ್ಬಳು ಯಾರಿಗೂ ಏನನ್ನೂ ಅಂಟಿಸಲಾರದವಳು. ಅದರ ಮೇಲೆ ಚೀಟಿಯಲ್ಲಿ 'ಪಾಸಿಟಿವ್' ಎಂದು ಬರೆದುಬಿಟ್ಟರೆ ಮುಗಿಯಿತು. ಕೊರೊನಾ ಕಂಡ ಊರುಗಳಲ್ಲಿ ಆ ಶಬ್ದಕ್ಕೆ ಉಳಿದಿರುವುದು ಒಂದೇ ಅರ್ಥ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ, ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. 2047ರೊಳಗೆ ಸಿಕಲ್ ಸೆಲ್ 'ನಿರ್ಮೂಲನೆ'ಯಂತೆ! ಈ ಶಬ್ದವೂ ಸೋಂಕುರೋಗದಿಂದ ತಂದ ಕಡವೇ. ಸಿಡುಬನ್ನು ನಿರ್ಮೂಲ ಮಾಡಬಹುದು, ಜನರ ಮೈಯಲ್ಲಿರುವ ಜೀನನ್ನು ಹಾಗೆ ಮಾಡಲಾಗದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಕೇರಿಗಳಲ್ಲಿ ತಪಾಸಣೆಗೆ ಕೂರುವವರು ಶಬ್ದಗಳನ್ನು ತೂಗಿ ಆಡಬೇಕು ಎನ್ನುವುದು ಇದಕ್ಕೇ.

ಗೊಂದಲ ಹುಟ್ಟುವುದು ಕಣ್ಣಿಗೆ ಕಾಣುವುದನ್ನು ನಂಬುವುದರಿಂದ. ಒಂದೇ ಮನೆಯಲ್ಲಿ ಮೂವರಿಗೆ ಕ್ಷಯ ಬಂದರೆ 'ಅದು ಅವರ ಮನೆತನದ್ದು' ಎನ್ನುತ್ತಾರೆ. ಅಲ್ಲಿ ಹಂಚಿಕೆಯಾದದ್ದು ರಕ್ತವಲ್ಲ, ಗಾಳಿಯಾಡದ ಮಲಗುವ ಕೋಣೆ. ಕುಷ್ಠವನ್ನೂ ವಂಶದ ರೋಗವೆಂದೇ ದೊಡ್ಡ ವೈದ್ಯರು ನಂಬಿದ್ದರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅದರ ಬ್ಯಾಕ್ಟೀರಿಯಾ ಕಂಡ ಮೇಲೆ ಆ ನಂಬಿಕೆ ಸಡಿಲಾಯಿತು. ಸಿಕಲ್ ಸೆಲ್‌ನದು ಇದರ ತಲೆಕೆಳಗು. 'ಅಜ್ಜನ ಕಾಲದಿಂದ ನಮ್ಮಲ್ಲಿ ಯಾರಿಗೂ ಇಲ್ಲ, ವಂಶದ್ದು ಹೇಗಾದೀತು?' ಎಂಬ ಪ್ರಶ್ನೆ ಸಹಜವೇ. ಒಂದೊಂದೇ ಪ್ರತಿ ಇರುವ ಗಂಡ ಹೆಂಡತಿ ಸಾಮಾನ್ಯವಾಗಿ ಆಯುಷ್ಯವಿಡೀ ಆರಾಮವಾಗಿರುತ್ತಾರೆ. ಮಗುವಿಗೆ ಎರಡೂ ಕಡೆಯಿಂದ ಒಂದೊಂದು ಸೇರಿದಾಗಲೇ ಕಾಯಿಲೆ. ಅಂಥ ಜೋಡಿಯ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ಶೇ. 25, ಒಂದು ಪ್ರತಿಯಷ್ಟೇ ಬರುವುದು ಶೇ. 50, ಏನೂ ಬಾರದಿರುವುದು ಶೇ. 25. 'ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಚಿಂತೆಯಿಲ್ಲ' ಎಂಬ ಲೆಕ್ಕ ತಪ್ಪು. ಲೆಕ್ಕ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ.

ಶಿಬಿರದಲ್ಲಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆಯ ಮಿತಿಯನ್ನೂ ಜನರಿಗೆ ಹೇಳಬೇಕು. ದ್ರಾವಣಕ್ಕೆ ಸ್ವಲ್ಪ ರಕ್ತ ಸೇರಿಸಿ, ಕೆಲವು ನಿಮಿಷ ಬಿಟ್ಟು, ಹಿಂದೆ ಗೆರೆಯ ಕಾಗದ ಹಿಡಿಯುತ್ತಾರೆ. ದ್ರವ ಕದಡಿ ಗೆರೆ ಕಾಣದಾದರೆ ಸಿಕಲ್ ಹಿಮೋಗ್ಲೋಬಿನ್ ಇದೆ ಎಂದಷ್ಟೇ ಅರ್ಥ. ಒಂದು ಪ್ರತಿಯೋ ಎರಡೋ ಎಂಬುದನ್ನು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಹೇಳಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಹೆಚ್ಚಿರುವುದರಿಂದ ದ್ರಾವಣ ತಿಳಿಯಾಗಿಯೇ ಉಳಿದೀತು. ರಕ್ತ ತೀರಾ ಕಡಿಮೆ ಇದ್ದವರಲ್ಲೂ ಹೀಗೆ ಮೋಸವಾಗುತ್ತದೆ.

ಮಂಗನ ಕಾಯಿಲೆಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಅಪ್ಪ ಅಮ್ಮ ಯಾರು ಎಂದಲ್ಲ, ಕಳೆದ ಹತ್ತು ದಿನ ಎಲ್ಲಿ ಹೋಗಿದ್ದಿರಿ ಎಂದು. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರು ಡಿಸೆಂಬರ್‌ನಿಂದ ಮೇವರೆಗೆ ದರಕು (ಒಣ ಎಲೆ) ಗುಡಿಸಲು, ಕಟ್ಟಿಗೆ ತರಲು ಹೋದಾಗ ಹತ್ತುವುದು ಮರಿ ಉಣುಗು, ಎಳ್ಳಿನಷ್ಟೇ ಗಾತ್ರ. ಕಚ್ಚಿದ 3ರಿಂದ 8 ದಿನಕ್ಕೆ ಏಕಾಏಕಿ ಜ್ವರ, ತಲೆಸಿಡಿತ, ಸೊಂಟ ಮುರಿದಂಥ ನೋವು. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಆಮೇಲೆ ಅದರ ವಿರುದ್ಧ ಮೈ ಹುಟ್ಟಿಸಿದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಜ್ವರ ಇಳಿಯಿತೆಂದು ಎದ್ದು ತೋಟಕ್ಕೆ ಹೋಗುವುದು ಬೇಡ, ಕೆಲವರಿಗೆ ವಾರವೆರಡು ವಾರ ಬಿಟ್ಟು ಜ್ವರ ಮರುಕಳಿಸಿ ನಡುಕ, ಮಂಪರು ಕಾಣುತ್ತದೆ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಲ್ಲಿ ಹಿಸುಕುವುದು ಬೇಡ. ಸೋಂಕುರೋಗವೇ ಆದರೂ ಇದು ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ, ರೋಗಿಯನ್ನು ಮೂಲೆಗೆ ತಳ್ಳಬೇಕಿಲ್ಲ.

ವಂಶದ್ದು, ಸೋಂಕಿನದು ಎರಡೂ ಬಗೆಯ ಕಾಯಿಲೆ ಒಂದೇ ಮೈಯಲ್ಲಿ ಕೂಡಿದರೆ ಹೆಚ್ಚು ಅಪಾಯ. ಸಿಕಲ್ ಸೆಲ್ ಮಗುವಿನ ಗುಲ್ಮ (ಸ್ಪ್ಲೀನ್) ಎಳವೆಯಲ್ಲೇ ಕೆಟ್ಟು, ನ್ಯುಮೊಕಾಕಸ್‌ನಂಥ ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಅದಕ್ಕೇ ಮೂರು ವರ್ಷದೊಳಗೆ ದಿನಕ್ಕೆರಡು ಸಲ 125 ಮಿ.ಗ್ರಾಂ. ಪೆನಿಸಿಲಿನ್, ಆಮೇಲೆ ಐದು ತುಂಬುವವರೆಗೆ 250 ಮಿ.ಗ್ರಾಂ., ಜೊತೆಗೆ ಲಸಿಕೆ. ಅಂಥ ಮಗುವಿಗೆ ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಒಂದೇ ಪ್ರತಿ ಇರುವವರಿಗೆ ತೀವ್ರ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಉಂಟು, ಎರಡು ಪ್ರತಿ ಇರುವವರಿಗೆ ಅದೇ ಮಲೇರಿಯಾ ಪ್ರಾಣಕ್ಕೆ ಬರಬಹುದು. ಇನ್ನು ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ, ಅದರಲ್ಲೂ ಗಂಡಸರಿಗೆ, ವೈವಾಕ್ಸ್ ಬಗೆಯ ಮಲೇರಿಯಾಕ್ಕೆ 14 ದಿನ ಕೊಡುವ ಪ್ರಿಮಾಕ್ವಿನ್ ಮಾತ್ರೆಯೇ ರಕ್ತಕಣ ಒಡೆಯುವಂತೆ ಮಾಡಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಲ್ಲಿಗೆ ಹೋಗಿ. ಬಂದರು, ಕಟ್ಟಡ ಕೆಲಸವೆಂದು ನಾನಾ ಕಡೆಯ ಜನ ಸೇರುವ ಕಾರವಾರದಂಥ ಊರಿನಲ್ಲಿ ಮಾತ್ರೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಚೀಟಿ ಅಚ್ಚು ಹಾಕಿಸುವವರಲ್ಲಿ ನಮ್ಮ ಬೇಡಿಕೆ ಸಣ್ಣದು. 'ಪಾಸಿಟಿವ್', 'ವಾಹಕ' ಎರಡನ್ನೂ ಕೈಬಿಟ್ಟು 'ಒಂದು ಪ್ರತಿ: ಕಾಯಿಲೆ ಅಲ್ಲ, ಅಂಟುವುದಿಲ್ಲ', 'ಎರಡು ಪ್ರತಿ: ಚಿಕಿತ್ಸೆ ಬೇಕು, ಅಂಟುವುದಿಲ್ಲ' ಎಂದು ಕನ್ನಡದಲ್ಲೇ ಬರೆಯಿರಿ. ಅದೇ ಚೀಟಿಯಲ್ಲಿ ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿದ್ದಾರೆಯೇ ಎಂದು ಬರೆಯಲು ಒಂದು ಗೆರೆ ಖಾಲಿ ಬಿಡಿ. ಏರಿಸಿದ್ದರೆ ಎಚ್‌ಪಿಎಲ್‌ಸಿ ತೋರಿಸುವುದರಲ್ಲಿ ದಾನಿಯ ರಕ್ತವೂ ಬೆರೆತಿರುತ್ತದೆ.

– ಪ್ರಯೋಗಾಲಯ ತಂತ್ರಜ್ಞರಿಬ್ಬರು, ಶಿರಸಿ