ಮೀಟರ್ ಗೇಜ್ ವ್ಯಾಗನ್ನುಗಳ ಅಳತೆಯ ನಕ್ಷೆಗಳು ಜನರಿಗೆ ಸಿಗಲಿ

ಮಾನ್ಯ ಸಂಪಾದಕರೇ,

ಗದಗ–ಹೊಟಗಿ ಮಾರ್ಗದಲ್ಲಿ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಸರಕು ವ್ಯಾಗನ್ನುಗಳ ಅಳತೆಯ ನಕ್ಷೆಗಳನ್ನು ಜನರು ನೋಡಲು, ಪ್ರತಿ ಮಾಡಿಸಿಕೊಳ್ಳಲು ಅವಕಾಶ ಕಲ್ಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ರೈಲ್ವೆ ಅಧಿಕಾರಿಗಳನ್ನು ವಿನಂತಿಸುತ್ತೇನೆ. ಐಟಿಐನಲ್ಲಿ ಫಿಟ್ಟರ್ ಬೋಧಕನಾಗಿದ್ದು ನಿವೃತ್ತನಾದ ನಾನು ಒಂಬತ್ತು ವರ್ಷಗಳಿಂದ ಮನೆಯಲ್ಲಿ ವ್ಯಾಗನ್ನುಗಳ ಪುಟ್ಟ ಮಾದರಿಗಳನ್ನು ಕಟ್ಟುತ್ತಿದ್ದೇನೆ.

ಈ ಹವ್ಯಾಸದಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ ಎಚ್‌ಒ, ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಇದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಯುರೋಪು, ಅಮೆರಿಕಗಳ 1,435 ಮಿ.ಮೀ. ಹಳಿಗೆ ಅದು ಸರಿಯಾದ ಲೆಕ್ಕ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಇರುವುದರಿಂದ ಅದಕ್ಕೆ 19 ಮಿ.ಮೀ.ಗೂ ಮಿಕ್ಕಿ ಬೇಕು. ಹೀಗಾಗಿ ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ವ್ಯಾಗನ್ನನ್ನು ಎಷ್ಟೇ ನಿಷ್ಠೆಯಿಂದ ಕಟ್ಟಿದರೂ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ಇಟ್ಟಾಗ ಗಾಲಿಗಳು ಒಳಕ್ಕೆ ಸರಿದು ನಿಲ್ಲುತ್ತವೆ, ಎದುರಿನಿಂದ ನೋಡಿದವರಿಗೆ ಆ ಕೊರತೆ ತಕ್ಷಣ ಕಾಣುತ್ತದೆ. ಮೀಟರ್ ಗೇಜಿನ ಮಾತು ಬೇರೆ. 1,000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿ.ಮೀ. ಬರುತ್ತದೆ, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗಾಗಿ 12 ಮಿ.ಮೀ.ಯ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಬರೀ ಅರ್ಧ ಮಿಲಿಮೀಟರಿನ ವ್ಯತ್ಯಾಸದಲ್ಲಿ ನಮ್ಮ ಹಳೆಯ ಮಾರ್ಗವನ್ನು ಮೇಜಿನ ಮೇಲೆ ಮತ್ತೆ ಹಾಸಬಹುದು. ಇಲ್ಲದಿರುವುದು ಅಳತೆಗಳು ಮಾತ್ರ.

ಆ ಮಾರ್ಗದ ಚರಿತ್ರೆಯೂ ಸಾಮಾನ್ಯವಾದದ್ದಲ್ಲ. 1876–78ರ ಘೋರ ಬರದ ನಂತರ, ಬರಪೀಡಿತ ಸೀಮೆಗೆ ಕಾಳುಕಡಿ ತಲುಪಿಸಲು ಅನುಕೂಲವಾಗಲೆಂದು ಹಾಕಿದ ಮಾರ್ಗಗಳಲ್ಲಿ ಅದೂ ಒಂದು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಕಟ್ಟಿದ ಆ ಹಳಿ 1884ರಲ್ಲಿ ಸಂಚಾರಕ್ಕೆ ತೆರೆಯಿತು. ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿಗಳನ್ನು ದಾಟಿ ನೂರಕ್ಕೂ ಹೆಚ್ಚು ವರ್ಷ ದುಡಿದ ಮೇಲೆ, ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜಿಗೆ ಎಡೆ ಮಾಡಿಕೊಟ್ಟಿತು.

ಕಿಟ್, ಅಂದರೆ ಬಿಡಿಭಾಗಗಳಾಗಿ ಸಿಗುವ ಮಾದರಿಯನ್ನು ಕಟ್ಟುವುದೆಂದರೆ ಮಕ್ಕಳ ಆಟಿಕೆಯನ್ನು ಜೋಡಿಸಿದಂತೆ ಎಂದು ಬಹಳ ಜನ ತಿಳಿದಿದ್ದಾರೆ. ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಿ, ಉಳಿದ ಮೊನೆಯನ್ನು ನೀಡಲ್ ಫೈಲಿನಿಂದ (ಸಣ್ಣ ಅರದಿಂದ) ಉಜ್ಜಿ, ನಾಲ್ಕು ಗೋಡೆಗಳನ್ನು ಮೂಲೆಮಟ್ಟಕ್ಕೆ ಒತ್ತಿ ಹಿಡಿದು ಅಂಟಿಸಿ, ಒಣಗಿದ ಮೇಲೆ ಗಾಜಿನ ಹಲಗೆಯ ಮೇಲೆ ಇಟ್ಟು ನಾಲ್ಕೂ ಗಾಲಿಗಳು ಒಂದೇ ಸಮನೆ ತಾಗುತ್ತಿವೆಯೇ ಎಂದು ನೋಡಬೇಕು. ಒಂದು ಗಾಲಿ ಕೂದಲೆಳೆಯಷ್ಟು ಮೇಲೆ ನಿಂತರೂ ತಿರುವಿನಲ್ಲಿ ಹಳಿ ತಪ್ಪುತ್ತದೆ. ಆದರೆ ಕಿಟ್ಟುಗಳು ಬಹುಪಾಲು ಪರದೇಶದ ವ್ಯಾಗನ್ನುಗಳವು. ಯುರೋಪಿನ ವ್ಯಾಗನ್ನಿಗೆ ತುದಿಯಲ್ಲಿ ಎರಡು ಬಫರ್ (ಗಾಡಿಗಳು ತಾಗಿದಾಗ ಹೊಡೆತ ತಡೆಯುವ ಭಾಗ), ನಮ್ಮ ಮೀಟರ್ ಗೇಜಿನದಕ್ಕೆ ನಡುವೆ ಒಂದೇ. ಆದ್ದರಿಂದ ನಮ್ಮ ವ್ಯಾಗನ್ನು ಬೇಕಾದರೆ ಅರ್ಧ ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ನಾವೇ ಕೊಯ್ದು ಮಾಡಿಕೊಳ್ಳಬೇಕಾಗುತ್ತದೆ. ರಿವೆಟ್ಟುಗಳನ್ನು ಮೊಂಡು ಸೂಜಿಯಿಂದ ತೆಳುಹಾಳೆಯ ಹಿಂಬದಿಯಲ್ಲಿ ಒಂದೊಂದಾಗಿ ಒತ್ತಿ ಎಬ್ಬಿಸುತ್ತೇನೆ. ನಿಜವಾದ ರಿವೆಟ್ಟಿನ ತಲೆ 25 ಮಿ.ಮೀ. ಇದ್ದರೆ ಮಾದರಿಯಲ್ಲಿ ಅದು ಒಂದು ಮಿಲಿಮೀಟರಿನ ಮೂರನೇ ಒಂದಂಶವೂ ಇರುವುದಿಲ್ಲ. ಆದರೂ ಸಾಲು ಡೊಂಕಾದರೆ ಕಣ್ಣು ಹಿಡಿಯುತ್ತದೆ.

ಆರು ವರ್ಷಗಳ ಹಿಂದೆ ಈ ಮಾರ್ಗದ ಒಂದು ಚಿಕ್ಕ ನಿಲ್ದಾಣದ ಪಕ್ಕದಲ್ಲಿ, ಗಾಲಿಗಳನ್ನು ಕಳಚಿ ನೆಲಕ್ಕೆ ಇಳಿಸಿ ಸಾಮಾನಿನ ಕೋಣೆಯಾಗಿ ಬಳಸುತ್ತಿದ್ದ ಮೀಟರ್ ಗೇಜ್ ವ್ಯಾಗನ್ನಿನ ಡಬ್ಬವೊಂದನ್ನು ಕಂಡೆ. ಅಲ್ಲಿದ್ದವರ ಅನುಮತಿ ಪಡೆದು, ಮೊಮ್ಮಗಳು ಟೇಪಿನ ಒಂದು ತುದಿ ಹಿಡಿಯಲು, ಬಾಗಿಲು, ಚಿಲಕ, ಚಾವಣಿಯ ಬಾಗು, ಗೋಡೆಯ ಪಟ್ಟಿಗಳ ನಡುವಿನ ಅಂತರ ಎಲ್ಲವನ್ನೂ ಬರೆದುಕೊಂಡೆ. ಬಾಗಿಲಿನ ಕೆಳಗೆ ತುಕ್ಕಿನೊಳಗೂ ಬಿಳಿ ಬಣ್ಣದ ಎರಡು ಅಂಕಿಗಳು ಉಳಿದಿದ್ದವು. ಅವುಗಳ ಮೇಲೆ ಕಾಗದವಿಟ್ಟು ಅಚ್ಚು ತೆಗೆದುಕೊಂಡೆ. ಸಂಜೆಯಾದ್ದರಿಂದ ಅಡಿಭಾಗವನ್ನು ಅಳೆಯಲಾಗಲಿಲ್ಲ. ಎರಡು ತಿಂಗಳ ನಂತರ ಹೋದಾಗ ಡಬ್ಬವನ್ನು ಕತ್ತರಿಸಿ ಗುಜರಿಗೆ ಸಾಗಿಸಿಯಾಗಿತ್ತು. ಹುಲ್ಲು ಬೆಳೆಯದ ಕಪ್ಪು ನೆಲವಷ್ಟೇ ಅಲ್ಲಿ ಉದ್ದಕ್ಕೆ ಕಾಣುತ್ತಿತ್ತು. ಅಂದಿನಿಂದ ನನ್ನ ಮಾದರಿಯ ಮೇಲ್ಭಾಗ ಸಿದ್ಧವಾಗಿದೆ, ಚಾಸಿ, ಅಂದರೆ ಗಾಲಿ, ಬ್ರೇಕುಗಳನ್ನು ಹೊರುವ ಅಡಿಚೌಕಟ್ಟು, ಇಲ್ಲ. ಬ್ರೇಕಿನ ಸರಳುಗಳನ್ನು ಊಹೆಯಿಂದ ಜೋಡಿಸಲು ನನಗೆ ಮನಸ್ಸಾಗಲಿಲ್ಲ.

ವರ್ಕ್‌ಶಾಪಿನಲ್ಲಿ ದುರಸ್ತಿಯಾಗುವ ಯಾವ ವ್ಯಾಗನ್ನಿಗೂ ನಕ್ಷೆ ಇದ್ದೇ ಇರುತ್ತದೆ. ಮೀಟರ್ ಗೇಜಿನ ಆ ನಕ್ಷೆಗಳನ್ನು ಹುಡುಕಿ ತೆಗೆದು, ಸ್ಕ್ಯಾನ್ ಮಾಡಿ, ಹುಬ್ಬಳ್ಳಿಯಲ್ಲಿ 2020ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿಯೂ ವಿಜಯಪುರ, ಬಾಗಲಕೋಟೆಗಳ ಜಿಲ್ಲಾ ಗ್ರಂಥಾಲಯಗಳಲ್ಲಿಯೂ ಇರಿಸಬೇಕು. ಪ್ರತಿಯ ಖರ್ಚನ್ನು ಕೊಡಲು ನನ್ನಂಥವರು ಸಿದ್ಧರಿದ್ದೇವೆ. ಯಾವುದಾದರೂ ಯಾರ್ಡಿನಲ್ಲಿ ಇನ್ನೂ ಒಂದು ಡಬ್ಬ ಉಳಿದಿದ್ದರೆ ಅದನ್ನು ಹರಾಜಿಗೆ ಹಾಕುವ ಮೊದಲು ಒಂದು ದಿನದ ಮಟ್ಟಿಗೆ ಅಳತೆಗೆ ಬಿಟ್ಟುಕೊಡಬೇಕು. ಟೇಪು, ಕ್ಯಾಲಿಪರ್ಸ್, ಏಣಿ ಎಲ್ಲವನ್ನೂ ನಾನೇ ತರುತ್ತೇನೆ. ಬರೆದುಕೊಂಡ ಅಳತೆಯ ಒಂದು ಪ್ರತಿಯನ್ನು ಇಲಾಖೆಗೂ ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ
ನವನಗರ, ಬಾಗಲಕೋಟೆ