‘ವೆನ್’ ಎಂಬಲ್ಲಿ ನಿಂತುಹೋದ ಮಾತಿನ ಬಗ್ಗೆ, ಪುಟ್ಟಿಗೆ

ಉಡುಪಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಮಂಗಳವಾರ ಕೈಸೇರಿತು. ಹಾಸ್ಟೆಲಿನ ಊಟ, ಫೀಸು, ನಿನ್ನ ಅಪ್ಪನ ಸಿಟ್ಟು, ಇದಕ್ಕೆಲ್ಲ ನಿನ್ನ ಅಮ್ಮ ಫೋನಿನಲ್ಲೇ ಉತ್ತರ ಹೇಳಿಯಾಗಿರುತ್ತದೆ. ನಾನು ಮತ್ತೆ ಅದನ್ನು ಬರೆಯುವುದಿಲ್ಲ. ಮೂರನೇ ಪುಟದ ಕೆಳಗೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆ ಎರಡು ಸಾಲು ನನ್ನನ್ನು ಬಿಡುತ್ತಾ ಇಲ್ಲ. ಸೆಮಿನಾರಿನಲ್ಲಿ ‘ವೆನ್’ ಅಂತ ಶುರು ಮಾಡಿದೆ, ಮುಂದೆ ಹೋಗಲಿಕ್ಕೆ ಆಗಲಿಲ್ಲ, ಎಲ್ಲರೂ ನಾನು ಪ್ರಶ್ನೆ ಕೇಳುತ್ತಿದ್ದೇನೆ ಅಂದುಕೊಂಡು ಕಾದರು. ನನ್ನ ತಲೆಯನ್ನು ಕಟ್ಟಿದ್ದೇ ಕನ್ನಡದ ಹಾಗೆ ಅಜ್ಜಿ, ಅದು ಇನ್ನು ಇಂಗ್ಲಿಷಿನ ಕಡೆ ತಿರುಗುವುದಿಲ್ಲ, ಅಂತ ಬರೆದಿದ್ದೀ.

ತಿರುಗುವುದಿಲ್ಲ ಅಂತ ಯಾರು ಹೇಳಿದರು ನಿನಗೆ? ಯಾರೂ ಹೇಳಿರಲಿಕ್ಕಿಲ್ಲ. ನೀನೇ ಹೇಳಿಕೊಂಡದ್ದು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಮೂವತ್ತನಾಲ್ಕು ವರ್ಷ ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ನೀನು ನಿಂತ ಜಾಗದಲ್ಲೇ ನಿಂತ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಅದು ತಲೆಯ ದೋಷ ಅಲ್ಲ ಪುಟ್ಟಿ. ಕನ್ನಡದಲ್ಲಿ ‘ಬಸ್ಸು ಪಡುಬಿದ್ರಿಗೆ ಬಂದಾಗ’ ಅನ್ನುತ್ತೇವೆ. ಬಸ್ಸು ಬಂತು, ಪಡುಬಿದ್ರಿ ಬಂತು, ‘ಆಗ’ ಎಂಬ ಗಂಟು ಎಲ್ಲ ಆದ ಮೇಲೆ ಕೊನೆಗೆ ಬೀಳುತ್ತದೆ. ಅಲ್ಲಿಯವರೆಗೆ ವಾಕ್ಯ ಎಲ್ಲಿಗೆ ಹೋಗಬೇಕು ಅಂತ ನಾವು ನಿರ್ಧಾರ ಮಾಡಬೇಕೆಂದೇ ಇಲ್ಲ. ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಮೊದಲೇ ನಿರ್ಧಾರ ಆಗಿರಬೇಕು. ‘ವೆನ್’ ಅಂದ ಕೂಡಲೇ, ಒಂದಲ್ಲ ಎರಡು ಕ್ರಿಯಾಪದ ತಂದು ಮುಗಿಸುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಆ ಭಾರಕ್ಕೆ ನೀನು ತಡವರಿಸಿದ್ದು.

ಅದೇ ಬಸ್ಸಿನಲ್ಲಿ ಕಂಡಕ್ಟರ್ ‘ಪಡುಬಿದ್ರಿ ಇಳಿಯುವವರು ಮುಂದೆ ಬನ್ನಿ’ ಅಂತ ಕೂಗುವುದನ್ನು ಇನ್ನೊಮ್ಮೆ ಗಮನ ಇಟ್ಟು ಕೇಳು. ಇಳಿಯುವವರು. ಒಂದೇ ಶಬ್ದ. ಇಂಗ್ಲಿಷಿನವರಿಗೆ ಇಷ್ಟಕ್ಕೇ ‘ದೋಸ್ ಹೂ ಆರ್ ಗೆಟಿಂಗ್ ಡೌನ್’ ಅಂತ ಐದು ಶಬ್ದ ಬೇಕು. ‘ನಾನು ಹುಟ್ಟಿದ ಮನೆ’ ಅನ್ನುತ್ತೇವೆ, ಅದರಲ್ಲಿ ಎಲ್ಲಿ ಎಂಬ ಶಬ್ದವೇ ಇಲ್ಲ. ಅವರದ್ದು ‘ದ ಹೌಸ್ ವೇರ್ ಐ ವಾಸ್ ಬಾರ್ನ್’. ತುಳುವಿನಲ್ಲೂ ಹಾಗೇ, ನಾನು ಬರುವಾಗ ಅನ್ನಲಿಕ್ಕೆ ‘ಯಾನ್ ಬನ್ನಗ’ ಅಂದರೆ ಮುಗಿಯಿತು, ಯಾವಾಗ ಅನ್ನುವ ‘ಏಪ’ ಎಂಬ ಶಬ್ದದ ಗೊಡವೆಯೇ ಇಲ್ಲ. ದ್ರಾವಿಡ ಭಾಷೆಗಳಲ್ಲಿ ಇಂಗ್ಲಿಷಿನ ಹಾಗೆ ಸಂಬಂಧ ಜೋಡಿಸುವ ಸರ್ವನಾಮ ಇಲ್ಲ, ಆ ಕೆಲಸವನ್ನು ‘ಹುಟ್ಟಿದ’, ‘ಬಂದ’ ಎಂಬಂಥ ಕೃದಂತವೇ ಮಾಡುತ್ತದೆ ಅಂತ ಕಾಲ್ಡ್‌ವೆಲ್ ಎಂಬ ಪಾದ್ರಿ 1856ರಲ್ಲೇ ಬರೆದಿಟ್ಟಿದ್ದಾರೆ. ನೀನು ಹುಟ್ಟುವುದಕ್ಕೆ ಎಷ್ಟು ಮೊದಲು ನೋಡು. ನಿನ್ನ ಒಬ್ಬಳ ತಲೆಯ ವಿಷಯ ಆಗಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತಿತ್ತು?

ಮಂಗಳೂರಿನ ಬಲ್ಮಠದ ಕಡೆ ಹೋಗುವಾಗ ಕಿಟ್ಟೆಲರನ್ನೂ ಒಮ್ಮೆ ನೆನಪು ಮಾಡಿಕೋ. ಜರ್ಮನಿಯಿಂದ ಬಾಸೆಲ್ ಮಿಷನ್ನಿಗೆ ಸೇರಿ 1853ರಲ್ಲಿ ಈ ದೇಶಕ್ಕೆ ಬಂದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಗೆ ಬಂದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಅವರೂ ‘ಬಂದಾಗ’ ಎಂಬಲ್ಲಿ ಎಷ್ಟು ಸಲ ಎಡವಿದ್ದಾರೋ. ನೀನು ಹಾಸ್ಟೆಲಿಗೆ ಹೋಗಿ ಏಳು ತಿಂಗಳೂ ಆಗಿಲ್ಲ ಮಾರಾಯ್ತಿ.

ಈಗ ನಾನು ನಿನಗೆ ಹೇಳದೆ ಇಟ್ಟುಕೊಂಡ ಒಂದು ವಿಷಯ ಬರೆಯಬೇಕು.

1972ರಲ್ಲಿ ನಿನ್ನ ಅಜ್ಜ, ನನ್ನ ತಮ್ಮ, ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದ. ಹೋಟೆಲಿನ ಕಥೆ ನಿನಗೆ ಗೊತ್ತುಂಟು, ಅದು ಬೇಡ. ಹಗಲು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುತ್ತಿದ್ದ. ಕೊಂಕಣ ರೈಲು ಪೂರ್ತಿ ಓಡಲಿಕ್ಕೆ ಶುರುವಾದದ್ದು 1998ರಲ್ಲಿ, ಅವನ ಕಾಲದಲ್ಲಿ ಊರಿಗೆ ಬರುವುದೆಂದರೆ ಘಟ್ಟ ಹತ್ತಿ ಇಳಿದು ಬಸ್ಸಿನಲ್ಲೇ ಬರಬೇಕು, ಅದಕ್ಕೆ ದುಡ್ಡೂ ಬೇಕು, ರಜೆಯೂ ಬೇಕು. ಒಂದು ದಿನ ಅವನಿಂದ ಇನ್‌ಲ್ಯಾಂಡ್ ಲೆಟರ್ ಬಂತು. ಮೊದಲ ಸಲ ಪೂರ್ತಿ ಇಂಗ್ಲಿಷಿನಲ್ಲಿ ಬರೆದಿದ್ದ. ಅಕ್ಕ ಇಂಗ್ಲಿಷ್ ಟೀಚರ್, ಅವಳಿಗೆ ತೋರಿಸಬೇಕು ಅಂತ. ಕೊನೆಯ ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು: ‘ಐ ಡು ನಾಟ್ ನೋ ವೆನ್ ವಿಲ್ ಐ ಕಮ್ ಹೋಮ್.’

ನನಗಾಗ ಕೆಲಸಕ್ಕೆ ಸೇರಿ ಎರಡು ವರ್ಷ. ಕೆಂಪು ಶಾಯಿಯ ಪೆನ್ನು ತೆಗೆದು ‘ವಿಲ್ ಐ’ ಎಂಬುದರ ಅಡಿಗೆ ಗೆರೆ ಎಳೆದು, ಮೇಲೆ ‘ಐ ವಿಲ್’ ಅಂತ ಬರೆದೆ. ಬೇರೆ ಲಕೋಟೆಗೆ ಹಾಕಿ ಅವನಿಗೇ ವಾಪಸು ಕಳಿಸಿದೆ. ಯಾವಾಗ ಬರುತ್ತೇನೋ ಗೊತ್ತಿಲ್ಲ ಅಂತ ಇಪ್ಪತ್ತೆರಡು ವರ್ಷದ ಹುಡುಗ ಬರೆದಿದ್ದಾನೆ, ಯಾಕೆ ಹಾಗೆ ಬರೆದ ಅಂತ ನಾನು ಕೇಳಲಿಲ್ಲ. ಆ ಮೇಲೆ ಅವನು ನನಗೆ ಇಂಗ್ಲಿಷಿನಲ್ಲಿ ಒಂದು ಸಾಲೂ ಬರೆಯಲಿಲ್ಲ. ಆ ಮಳೆಗಾಲದಲ್ಲೇ ರಾತ್ರಿ ಶಾಲೆಯನ್ನೂ ಬಿಟ್ಟ. ನನ್ನ ಗೆರೆಯಿಂದಲೇ ಬಿಟ್ಟ ಅಂತ ಹೇಳಲಿಕ್ಕೆ ಬರುವುದಿಲ್ಲ, ಹೋಟೆಲಿನ ಕೆಲಸವೂ ಹಾಗೆ ಇತ್ತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆ ಕಾಗದ ಎಲ್ಲಿ ಹೋಯಿತೋ.

ಅವನ ತಪ್ಪಾದರೂ ಎಲ್ಲಿಂದ ಬಂತು ನೋಡು. ‘ಪೋಸ್ಟ್ ಆಫೀಸು ಎಲ್ಲುಂಟು?’ ಅಂತ ಕೇಳುತ್ತೇವೆ. ‘ಪೋಸ್ಟ್ ಆಫೀಸು ಎಲ್ಲುಂಟು ಅಂತ ಗೊತ್ತಿಲ್ಲ’ ಅನ್ನುತ್ತೇವೆ. ಪ್ರಶ್ನೆಯ ಒಂದಕ್ಷರವೂ ಅಲುಗಲಿಲ್ಲ, ಹಿಂದಿನಿಂದ ಒಂದು ‘ಅಂತ’ ಬಂದು ಅದನ್ನು ದೊಡ್ಡ ವಾಕ್ಯದೊಳಗೆ ಸೇರಿಸಿಕೊಂಡಿತು. ಇಂಗ್ಲಿಷಿಗೆ ಈ ಜಾಗದಲ್ಲಿ ‘ಅಂತ’ ಇಲ್ಲ. ಹಾಗಾಗಿ ಅವರು ಶಬ್ದಗಳ ಸಾಲನ್ನೇ ಬದಲಿಸುತ್ತಾರೆ. ‘ವೇರ್ ಈಸ್ ದ ಪೋಸ್ಟ್ ಆಫೀಸ್’ ಅಂದರೆ ಪ್ರಶ್ನೆ. ‘ಐ ಡೋಂಟ್ ನೋ ವೇರ್ ದ ಪೋಸ್ಟ್ ಆಫೀಸ್ ಈಸ್’ ಅಂದರೆ ಪ್ರಶ್ನೆಯಲ್ಲ. ಈಸ್, ವಿಲ್, ಡಸ್, ಇವು ಹೆಸರಿಗಿಂತ ಮೊದಲು ಬಂದು ಕೂತರೆ ಕೇಳುವವನಿಗೆ ಪ್ರಶ್ನೆ ಅನ್ನಿಸುತ್ತದೆ. ‘ವೆನ್’ ಒಂದೇ ಆದರೆ ಅದು ಯಾವ ಕಡೆ ತಿರುಗುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೀನು ಅಷ್ಟಕ್ಕೇ ನಿಲ್ಲಿಸಿದೆ, ಅವರು ಕಾದರು. ಕಾದದ್ದು ನಗಲಿಕ್ಕೆ ಅಂತ ಯಾಕೆ ತಿಳಿಯಬೇಕು?

ನಿನ್ನ ಕಾಗದದ ನಡುವೆ ಒಂದು ಇಂಗ್ಲಿಷ್ ವಾಕ್ಯ ಉಂಟು, ‘ವೆನ್ ಐ ವಿಲ್ ಫಿನಿಶ್ ದ ಕೋರ್ಸ್’ ಅಂತ. ಗೆರೆ ಎಳೆಯುವುದಿಲ್ಲ, ಹೆದರಬೇಡ. ಆದರೆ ಇದನ್ನು ಹೇಳದೆ ಇರಲಿಕ್ಕೂ ಆಗುವುದಿಲ್ಲ, ಯಾಕೆಂದರೆ ಇಲ್ಲಿ ನಿನ್ನ ಕನ್ನಡದ ತಲೆಯೇ ನಿನ್ನನ್ನು ಕಾಪಾಡುತ್ತದೆ. ‘ಗಾಳಿ ಬಂದಾಗ ತೂರಿಕೋ’ ಅನ್ನುತ್ತೇವೆ. ಗಾಳಿ ಇನ್ನೂ ಬಂದಿಲ್ಲ, ಆದರೂ ‘ಬಂದ’ ಅನ್ನುತ್ತೇವೆ, ‘ಬರುವ’ ಅನ್ನುವುದಿಲ್ಲ. ಇಂಗ್ಲಿಷಿಗೂ ಅಲ್ಲಿ ಭವಿಷ್ಯತ್ತು ಬೇಡ, ‘ವೆನ್ ಐ ಫಿನಿಶ್’ ಸಾಕು. ನಿನ್ನ ಅಜ್ಜನ ವಾಕ್ಯದಲ್ಲಿ ಮಾತ್ರ ‘ವಿಲ್’ ಬೇಕೇ ಬೇಕು, ಯಾಕೆಂದರೆ ಅದು ಯಾವಾಗ ಬರುತ್ತೇನೆ ಎಂಬುದು, ಬಂದಾಗ ಎಂಬುದಲ್ಲ. ನಮಗೆ ‘ಬಂದಾಗ’ ಬೇರೆ, ‘ಯಾವಾಗ’ ಬೇರೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ‘ವೆನ್’ ಇಟ್ಟುಕೊಂಡಿದ್ದಾರೆ. ಸಂಶಯ ಬಂದರೆ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡು, ‘ಆಗ’ ಬಂದರೆ ‘ವಿಲ್’ ಬಿಡು, ‘ಯಾವಾಗ’ ಬಂದರೆ ಇಟ್ಟುಕೋ. ಕ್ಲಾಸಿನಲ್ಲಿ ನಾನು ಇದನ್ನು ಹೀಗೆ ಹೇಳಿಕೊಟ್ಟವಳಲ್ಲ. ಕನ್ನಡ ಬಿಟ್ಟು ಯೋಚನೆ ಮಾಡಿ ಅಂತ ಗದರಿಸುತ್ತಿದ್ದೆ. ಆ ಮಕ್ಕಳಲ್ಲಿ ಎಷ್ಟು ಮಂದಿ ನಿನ್ನ ಹಾಗೆ ತಲೆಯನ್ನೇ ದೂರಿದರೋ.

ಇನ್ನೊಂದು ಸಣ್ಣ ವಿಷಯ. ‘ವೆನ್’ನಿಂದಲೇ ಶುರು ಮಾಡಬೇಕು ಅಂತ ಇಲ್ಲ. ಮುಖ್ಯ ಮಾತನ್ನು ಮೊದಲು ಹೇಳಿಬಿಡು, ‘ಐ ವಿಲ್ ಟೆಲ್ ಹಿಮ್’, ಆಮೇಲೆ ‘ವೆನ್ ಹಿ ಕಮ್ಸ್’. ನಡುವೆ ಉಸಿರು ಕಟ್ಟಿದರೂ ಅರ್ಧ ಹೇಳಿದ್ದು ಪೂರ್ತಿಯಾಗಿಯೇ ನಿಂತಿರುತ್ತದೆ. ‘ದ ವೇ ಹೌ’ ಅಂತ ಒಂದು ಕಡೆ ಬರೆದಿದ್ದೀ, ಎರಡರಲ್ಲಿ ಒಂದು ಸಾಕು. ಉಪದೇಶ ಹೆಚ್ಚಾಯಿತೋ ಏನೋ, ಹಳೆಯ ಅಭ್ಯಾಸ, ಕ್ಷಮಿಸು.

ತಲೆ ತಿರುಗುವುದಿಲ್ಲ ಅಂತ ಮಾತ್ರ ಇನ್ನೊಮ್ಮೆ ಬರೆಯಬೇಡ. ನಿನ್ನ ಅಜ್ಜನೂ ಹಾಗೆಯೇ ಅಂದುಕೊಂಡನೋ ಏನೋ ಎಂಬುದು ಐವತ್ತು ವರ್ಷದಿಂದ ನನ್ನ ಜೊತೆ ಉಂಟು. ನಿನ್ನ ವಿಷಯದಲ್ಲೂ ಅದನ್ನು ಹೊತ್ತುಕೊಳ್ಳುವ ಶಕ್ತಿ ಈಗ ನನಗಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎಲ್ಲಿ ನಿಂತೆ, ಯಾರು ನೋಡಿದರು, ಕೈ ಹೇಗೆ ನಡುಗಿತು, ಎಲ್ಲ ಬರೆದಿದ್ದೀ. ‘ವೆನ್’ ಆದ ಮೇಲೆ ನಿನಗೆ ಎಂಥ ಹೇಳಲಿಕ್ಕಿತ್ತು ಅಂತ ಮಾತ್ರ ಬರೆದಿಲ್ಲ. ಅದನ್ನು ನನಗೆ ಬರೆ, ಕನ್ನಡದಲ್ಲೇ ಆಗಲಿ, ಇಂಗ್ಲಿಷಿನಲ್ಲೇ ಆಗಲಿ. ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಜ್ಜಿ